ಕೊಡದ ನೀರಿಗೆ ದಂಡ

2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಕರ್ನಾಟಕ ಸರ್ಕಾರ, ಸೊಳ್ಳೆಮರಿ ಬೆಳೆಯಲು ಬಿಟ್ಟ ನಗರದ ಮನೆಗೆ 400, ಹಳ್ಳಿಯ ಮನೆಗೆ 200 ರೂಪಾಯಿ ದಂಡ ನಿಗದಿಪಡಿಸಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿಗಿಂತ ತಿಳಿನೀರೇ ಇಷ್ಟ. ತಿಳಿನೀರನ್ನು ಡ್ರಮ್ಮು, ಬಿಂದಿಗೆಗಳಲ್ಲಿ ಕೂಡಿಡುವವರು ಯಾರು? ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಕಾಣುವವರು. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ನೀರು ಬರುವುದೂ ಅದೇ ಲೆಕ್ಕದಲ್ಲಿ! ಡ್ರಮ್ಮು ಖಾಲಿ ಮಾಡಿ ಉಜ್ಜಿರಿ ಎಂದು ಕರಪತ್ರ ಹಂಚುವವರು, ಆಮೇಲೆ ಮಗುವಿಗೆ ಏನು ಕುಡಿಸಬೇಕೆಂದು ಹೇಳುವುದಿಲ್ಲ. ಇನ್ನು ಬೀದಿಯಲ್ಲಿ ಬಿಡುವ ಹೊಗೆ? ಅದು ಹಾರುವ ಸೊಳ್ಳೆಯನ್ನು ಕೊಲ್ಲುತ್ತದೆ, ನೀರಿನೊಳಗಿನ ಮರಿಯನ್ನಲ್ಲ. ಮುಚ್ಚಳ ಹಾಕುವುದು ನಮ್ಮ ಕರ್ತವ್ಯ, ಒಪ್ಪೋಣ. ದಿನವೂ ನೀರು ಕೊಡುವುದು ಯಾರ ಕರ್ತವ್ಯ? ಅದರಲ್ಲಿ ತಪ್ಪಿದವರಿಗೆ ದಂಡವೆಷ್ಟು?