ಗೇರ್ ಸೈಕಲ್ ಕೆಟ್ಟಿಲ್ಲ, ಕೊಳೆಯಾಗಿದೆ

ಹಳ್ಳಿಗಳಲ್ಲಿ ಈಗ ಗೇರ್ ಸೈಕಲ್‌ಗೆ ಬರವಿಲ್ಲ. ಬರ ಇರುವುದು ಅದನ್ನು ಬಿಚ್ಚಬಲ್ಲವರಿಗೆ. ನಾವು ವರದಿಗೆಂದು ಹೋದ ಊರುಗಳಲ್ಲಿ ಕೊಟ್ಟಿಗೆ ಗೋಡೆಗೆ ಒರಗಿಸಿಟ್ಟ ಗೇರ್ ಸೈಕಲ್ ಕಾಣುತ್ತೇವೆ. ಕೇಳಿದರೆ, "ಗೇರ್ ಬೀಳಂಗಿಲ್ರೀ, ಚೈನ್ ಜಿಗೀತೈತಿ" ಅನ್ನುತ್ತಾರೆ. ಅಂಗಡಿಯಲ್ಲಿ ಹೇಳುವುದು "ಸೆಟ್ಟೇ ಬದಲಿಸಬೇಕು". ಅಷ್ಟು ದುಡ್ಡಿಲ್ಲ. ಸೈಕಲ್ ಮೂಲೆಗೆ, ಮಗಳು ಬಸ್ ಸ್ಟಾಪಿಗೆ.

ಹೊಸ ಸೆಟ್ ತರುವ ಮುನ್ನ ಹಳೆಯದನ್ನು ಒಮ್ಮೆ ತೊಳೆದು ನೋಡಿ ಎಂಬುದು ನಮ್ಮ ಮಾತು. ಎರೆಮಣ್ಣು, ಎಣ್ಣೆ, ಧೂಳು ಸೇರಿ ಹಲ್ಲುಚಕ್ರಗಳ ನಡುವೆ ಹೆಪ್ಪುಗಟ್ಟಿದರೆ ಚೈನು ಸರಿಯಾಗಿ ಕೂರುವುದಿಲ್ಲ.

ಹಿಂದಿನ ಗಾಲಿ ಬಿಚ್ಚಿ, ಹಲ್ಲುಚಕ್ರಗಳನ್ನು ಹಿಮ್ಮುಖವಾಗಿ ತಿರುಗಿಸಿ. ನಡುವೆ ಟೂಲ್ ಕೂರುವ ಕಚ್ಚುಗಳೂ ಜೊತೆಗೆ ತಿರುಗಿದರೆ ಅದು ಕ್ಯಾಸೆಟ್. ತಿರುಗದಿದ್ದರೆ ಫ್ರೀವೀಲ್. ಕಡಿಮೆ ಬೆಲೆಯ ಆರು, ಏಳು ಗೇರಿನ ಸೈಕಲ್‌ಗಳಲ್ಲಿ ಹೆಚ್ಚಾಗಿ ಇರುವುದು ಫ್ರೀವೀಲ್.

ಫ್ರೀವೀಲ್ ಆದರೆ ಬಿಚ್ಚುವುದೇ ಬೇಡ. ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿದ ಬ್ರಷ್‌ನಿಂದ ಉಜ್ಜಿ, ನಡುವೆ ಬಟ್ಟೆಪಟ್ಟಿ ಎಳೆದು ಒರೆಸಿ. ಎಣ್ಣೆಯಲ್ಲಿ ಅದ್ದಬೇಡಿ. ಒಳಗಿನ ಗುಂಡುಗಳ ಗ್ರೀಸ್ ಕರಗಿಹೋಗುತ್ತದೆ.

ಕ್ಯಾಸೆಟ್ ಬಿಚ್ಚಲು ಲಾಕ್‌ರಿಂಗ್ ಟೂಲ್ ಬೇಕೇಬೇಕು. ಉಳಿ, ಸುತ್ತಿಗೆ ಹಿಡಿದರೆ ಕಚ್ಚು ಹಾಳು. ಹಲ್ಲುಚಕ್ರ ತಿರುಗದಂತೆ ಹಿಡಿಯಲು ಕಬ್ಬಿಣದ ಪಟ್ಟಿಗೆ ಹಳೆ ಚೈನಿನ ತುಂಡು ಜೋಡಿಸಿದರೆ ಸಾಕು. ನಮ್ಮ ವೆಲ್ಡಿಂಗ್ ಅಂಗಡಿಯಲ್ಲೇ ಆಗುವ ಕೆಲಸ. ಲಾಕ್‌ರಿಂಗ್ ಎಡಕ್ಕೆ ತಿರುಗಿಸಿ. ಕರಕರ ಸದ್ದಾದರೆ ಹೆದರಬೇಡಿ, ಅದರ ಸ್ವಭಾವವೇ ಹಾಗೆ. ಬಂದ ಬಿಡಿಭಾಗಗಳನ್ನು ಬಂದ ಕ್ರಮದಲ್ಲೇ ತಂತಿಗೆ ಪೋಣಿಸಿಡಿ. ತೊಳೆದು, ಒಣಗಿಸಿ, ಅದೇ ಕ್ರಮದಲ್ಲಿ ಕೂರಿಸಿ. ಕಚ್ಚುಗಳಲ್ಲಿ ಒಂದರ ಅಗಲ ಬೇರೆ ಇರುವುದರಿಂದ ತಪ್ಪಾಗಿ ಕೂರುವುದಿಲ್ಲ.

ಚೈನನ್ನೂ ಅಳೆಯಿರಿ. ಶಾಲೆಯ ಸ್ಕೇಲ್ ಸಾಕು. ಒಂದು ಪಿನ್ನಿನಿಂದ 24 ಕೊಂಡಿ ಎಣಿಸಿದರೆ ಸರಿಯಾಗಿ 12 ಇಂಚು ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಭಾಗ ಹೆಚ್ಚಾಗಿದ್ದರೆ ಹಲ್ಲುಚಕ್ರಗಳೂ ಸವೆದಿರುತ್ತವೆ. ಆಗ ಅಂಗಡಿಯವರ ಮಾತೇ ನಿಜ. ಅಳೆಯದೆ ಒಪ್ಪಬೇಡಿ ಎಂದಷ್ಟೇ ನಾವು ಹೇಳುವುದು.

ಈ ಟೂಲು ಮನೆಮನೆಗೂ ಬೇಕಿಲ್ಲ, ಊರಿಗೊಂದಿದ್ದರೆ ಆಯಿತು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಪುಸ್ತಕ ಎರವಲು ಸಿಗುವ ಹಾಗೆ ಇದೂ ಸಿಗಲಿ. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಿಂದ ರಾಷ್ಟ್ರಮಟ್ಟಕ್ಕೆ ಹೋದ ಸೈಕಲ್ ಪಟುಗಳಿದ್ದಾರೆ. ಗೇರ್ ಬಿಚ್ಚಿ ಜೋಡಿಸುವುದು ಅವರಿಗೆ ನಿತ್ಯದ ಕೆಲಸ. ಅಂಥವರನ್ನು ಒಂದು ಶನಿವಾರ ಹೈಸ್ಕೂಲಿಗೆ ಕರೆಸಬಹುದು.

ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ 2006-07ರಲ್ಲಿ ಶುರು ಮಾಡಿತು. ಅದರಿಂದ ಎಷ್ಟೋ ಹೆಣ್ಣುಮಕ್ಕಳ ಹೈಸ್ಕೂಲಿನ ದಾರಿ ಹತ್ತಿರವಾಯಿತು. ಆದರೆ ಸೈಕಲ್ ಕೊಟ್ಟರೆ ಅರ್ಧ ಕೆಲಸ ಮಾತ್ರ. ಅದನ್ನು ಓಡುವ ಹಾಗೆ ಇಟ್ಟುಕೊಳ್ಳುವುದನ್ನೂ ಕಲಿಸಬೇಕು, ಹುಡುಗರಿಗಷ್ಟೇ ಅಲ್ಲ, ಹುಡುಗಿಯರ ಕೈಗೂ ಪಾನಾ ಕೊಡಬೇಕು. ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ.