ಹೆರಿಗೆಯ ದಿನ ದಾಟಿದರೆ ಸುಮ್ಮನೆ ಕಾಯಬೇಡಿ

ವೈದ್ಯರು ಹೇಳಿದ ದಿನ ದಾಟಿದರೆ ಸಾಕು, ಮನೆಯಲ್ಲಿ ಎರಡು ಬಗೆಯ ಮಾತು ಶುರುವಾಗುತ್ತದೆ. ಕೆಲವರು ‘ಇನ್ನೂ ಆಗಲಿಲ್ಲವೇ?’ ಎಂದು ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಗರ್ಭಿಣಿಯನ್ನು ಹೆದರಿಸುತ್ತಾರೆ. ಇನ್ನು ಕೆಲವರು ‘ಅಲ್ಲಾಹನು ಬರೆದ ಹೊತ್ತಿಗೆ ಆಗುತ್ತದೆ, ಆಸ್ಪತ್ರೆಗೆ ಹೋದರೆ ಆಪರೇಷನ್ ಮಾಡಿಬಿಡುತ್ತಾರೆ’ ಎಂದು ಮನೆಯಲ್ಲೇ ಕೂರಿಸುತ್ತಾರೆ. ಎರಡೂ ತಪ್ಪು. ಎರಡನೆಯದು ಹೆಚ್ಚು ಅಪಾಯಕಾರಿ.

ಮೊದಲು ಲೆಕ್ಕ ತಿಳಿಯಿರಿ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ ಎಣಿಸಿ ದಿನಾಂಕ ಕೊಡುತ್ತಾರೆ. ಚಾಂದ್ರಮಾನ ತಿಂಗಳು ಎಣಿಸುವ ಹಿರಿಯರ ಲೆಕ್ಕಕ್ಕೆ ಇದು ಹೊಂದುವುದಿಲ್ಲ. ಆ ಪ್ರಕಾರ ಇದು ಸುಮಾರು ಒಂಬತ್ತೂವರೆ ತಿಂಗಳಾಗುತ್ತದೆ. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ಹೇಳುವ ದಿನಾಂಕ ಹೆಚ್ಚು ನಿಖರ. ಆ ರಿಪೋರ್ಟನ್ನು ತಾಯಿ ಕಾರ್ಡ್ ಜೊತೆ ಜೋಪಾನವಾಗಿಡಿ. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ಬಹಳ ಕಡಿಮೆ. ಎರಡು ದಿನ ಹೆಚ್ಚಾಯಿತೆಂದು ಗಾಬರಿ ಬೇಡ, ಆದರೆ ತಪಾಸಣೆ ತಪ್ಪಿಸಬೇಡಿ.

41 ವಾರ ದಾಟಿದ ಮೇಲೆ ಮಗುವಿಗೆ ಆಹಾರ, ಆಮ್ಲಜನಕ ಒದಗಿಸುವ ಮಾಸಿನ ಶಕ್ತಿ ಕುಂದಬಹುದು, ಸುತ್ತಲಿನ ನೀರು ಕಡಿಮೆಯಾಗಬಹುದು. ಮಗು ಹೊಟ್ಟೆಯೊಳಗೇ ಮಲ ವಿಸರ್ಜಿಸಬಹುದು. ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಚಿಕ್ಕದಾದರೂ ವಾರ ಕಳೆದಂತೆ ಏರುತ್ತದೆ. ಅದಕ್ಕೇ ಮಗುವಿನ ಹೃದಯ ಬಡಿತ ಮತ್ತು ನೀರಿನ ಪ್ರಮಾಣ ಪರೀಕ್ಷಿಸುತ್ತಾರೆ. ಸಾಮಾನ್ಯವಾಗಿ 41 ವಾರ ತುಂಬಿದ ಮೇಲೆ ಔಷಧಿ ಕೊಟ್ಟು ನೋವು ಬರಿಸಲು ಸಲಹೆ ನೀಡುತ್ತಾರೆ. ನೋವು ಬರಿಸಿದರೆ ಸಿಸೇರಿಯನ್ ಖಚಿತ ಎಂಬುದು ತಪ್ಪು ತಿಳುವಳಿಕೆ. ಬಹಳಷ್ಟು ತಾಯಂದಿರಿಗೆ ಸಹಜ ಹೆರಿಗೆಯೇ ಆಗುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ. ಅಥವಾ ಹಿಂದೆ ಸಿಸೇರಿಯನ್ ಆಗಿದ್ದರೆ ಎಷ್ಟು ದಿನ ಕಾಯಬಹುದೆಂದು ಮೊದಲೇ ಕೇಳಿಕೊಳ್ಳಿ. ನೋವು ಬರಲೆಂದು ಮನೆಯಲ್ಲಿ ಹರಳೆಣ್ಣೆ, ಕಷಾಯ ಕುಡಿಸಬೇಡಿ.

ಮಗುವಿನ ಅಲುಗಾಟ ಕಡಿಮೆಯಾದರೆ, ನೀರು ಹೋದರೆ, ರಕ್ತ ಕಂಡರೆ ನಡುರಾತ್ರಿಯಾದರೂ ಹೊರಡಿ. ಗಂಡ ಗಲ್ಫ್‌ನಿಂದ ಬರಲಿ, ಅತ್ತೆಯವರನ್ನು ಕೇಳೋಣ ಎಂದು ತಡಮಾಡಬೇಡಿ. 108ಕ್ಕೆ ಕರೆ ಮಾಡಿ. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್ ಎರಡೂ ಉಚಿತ.

ಅತ್ತೆಯಂದಿರೇ, ತಾಯಂದಿರೇ, ಒಂಟೆಯನ್ನು ಕಟ್ಟಿಹಾಕಿದ ಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಹೊತ್ತಿಗೆ ಸರಿಯಾಗಿ ತಪಾಸಣೆ ಮಾಡಿಸುವುದೂ ಒಂಟೆ ಕಟ್ಟುವ ಕೆಲಸವೇ. ಅದನ್ನು ಮಾಡಿ, ನಂತರ ದುಆ ಮಾಡೋಣ.