ದುಡ್ಡು ಕೊಟ್ಟು ಓಡ್ತೀಯೇನ್ಲಾ?

ಹೋದ ಸಲ ಊರಿಗೆ ಹೋಗಿದ್ದಾಗ ಒಗೆಯೋ ಬಟ್ಟೆ ತೆಗೀತೀನಿ ಅಂತ ಅವ್ವ ನನ್ನ ಬ್ಯಾಗಿಗೆ ಕೈ ಹಾಕಿದಳು. ಬಟ್ಟೆ ಜೊತೆ ಒಂದು ಮೆಡಲ್ಲೂ ಬಂತು.

"ಇದೇನ್ಲಾ, ಇಷ್ಟು ಭಾರ ಐತೆ?"

50 ಕಿಲೋಮೀಟರ್ ಓಡಿದ್ದಕ್ಕೆ ಕೊಟ್ಟಿದ್ದು ಅಂದೆ.

"ಮೊದಲ್ನೇದಾಗಿ ಬಂದ್ಯಾ?"

ಇಲ್ಲವ್ವ, ಮುಗಿಸಿದವರಿಗೆಲ್ಲ ಕೊಡ್ತಾರೆ.

"ದುಡ್ಡೇನಾರಾ ಕೊಟ್ರಾ?"

ಅವರೆಲ್ಲಿ ಕೊಡ್ತಾರೆ, ನಾನೇ 3,500 ರೂಪಾಯಿ ಕಟ್ಟಿದ್ದೆ.

ಅವ್ವ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ದುಡ್ಡು ಕೊಟ್ಟು ಓಡ್ತೀಯೇನ್ಲಾ?"

ನಕ್ಕು ಸುಮ್ಮನಾದೆ. ಇದನ್ನ ಆಫೀಸಿನಲ್ಲಿ ಜೋಕ್ ಥರ ಹೇಳಿದೆ, ಎಲ್ಲರೂ ನಕ್ಕರು. ಆದರೆ ಆ ಮೆಡಲ್ ಸಿಕ್ಕಿದ ದಿನ ಏನಾಯಿತು ಅನ್ನೋದನ್ನ ಮಾತ್ರ ಯಾರಿಗೂ ಹೇಳಿರಲಿಲ್ಲ. ಅದನ್ನ ಹೇಳೋಕೇ ಇದನ್ನ ಬರೀತಿದ್ದೀನಿ. ನನ್ನ ಥರ ವೀಕೆಂಡಲ್ಲಿ ಶೂ ಕಟ್ಟಿಕೊಂಡು ಹೊರಡೋ ಗೆಳೆಯರಿಗೆ ಇದು ಸ್ವಲ್ಪ ಕಹಿ ಅನ್ನಿಸಬಹುದು. ಅನ್ನಿಸಲಿ.

ಓಟ ಶುರು ಮಾಡಿ ಏಳು ವರ್ಷ ಆಯಿತು. ಎಲ್ಲರ ಹಾಗೇ ನಾನೂ ಸೊಂಟದ ಸುತ್ತ ಬಂದ ಟೈರನ್ನ ಕರಗಿಸೋಕೆ ಶುರು ಮಾಡಿದ್ದು. ಮೊದಲು ಲಾಲ್‌ಬಾಗಲ್ಲಿ ಎರಡು ಸುತ್ತು, ಆಮೇಲೆ ಕಬ್ಬನ್ ಪಾರ್ಕು, ಒಂದು 10ಕೆ, ಒಂದು ಹಾಫ್, ಕೊನೆಗೆ 42.195 ಕಿಲೋಮೀಟರಿನ ಫುಲ್. ರಸ್ತೆ ಬೇಜಾರಾದ ಮೇಲೆ ಟ್ರೇಲ್. ಕಾಫಿ ತೋಟದ ದಾರಿ, ಕಾಲುವೆ ಏರಿ, ಬೆಟ್ಟದ ಕಾಲುಹಾದಿ. "ಓಟದಷ್ಟು ಅಗ್ಗದ ಆಟ ಇನ್ನೊಂದಿಲ್ಲ, ಎರಡು ಕಾಲಿದ್ರೆ ಸಾಕು" ಅಂತ ಟೀಮಿಗೆ ಬಂದ ಹೊಸಬರಿಗೆಲ್ಲ ನಾನೇ ಭಾಷಣ ಮಾಡಿದ್ದೀನಿ. ಹಾಗೆ ಭಾಷಣ ಮಾಡುವಾಗ ನನ್ನ ಕಾಲಲ್ಲಿದ್ದ ಶೂ ಬೆಲೆ 14,000. ಕೈಯಲ್ಲಿದ್ದ ವಾಚಿನ ಬೆಲೆ ಅವ್ವನಿಗೆ ಇವತ್ತಿಗೂ ಹೇಳಿಲ್ಲ.

ಈಗ ಆ ದಿನದ ಕಥೆ. ಮಲೆನಾಡಿನ ಒಂದು ಊರು, 50 ಕಿಲೋಮೀಟರ್ ರೇಸು. ಹೆಸರು ಬೇಡ. ಯಾಕಂದ್ರೆ ಇದು ಒಬ್ಬ ಆಯೋಜಕರ ತಪ್ಪಲ್ಲ, ನಮ್ಮೆಲ್ಲರ ಅಭ್ಯಾಸ. ಮೂವತ್ತನಾಲ್ಕನೇ ಕಿಲೋಮೀಟರ್ ಹತ್ತಿರ ಒಂದು ದೊಡ್ಡ ಏರು. ನನ್ನ ತೊಡೆ ಹಿಡ್ಕೊಂಡು, ನಡೀತಿದ್ದೀನೋ ಓಡ್ತಿದ್ದೀನೋ ಗೊತ್ತಾಗದ ಸ್ಥಿತಿ. ಆಗ ಪಕ್ಕಕ್ಕೆ ಒಬ್ಬ ಹುಡುಗ ಬಂದ. ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಡೈರಿಗೆ ಹಾಲು ಹಾಕಿ ವಾಪಸ್ ಹೊರಟಿದ್ದ. ಒಂದು ಕೈಯಲ್ಲಿ ಖಾಲಿ ಕ್ಯಾನು. ನನ್ನ ಜೊತೆ ಓಡೋಕೆ ಅಂತ ಹವಾಯಿ ಚಪ್ಪಲಿ ಬಿಚ್ಚಿ ಇನ್ನೊಂದು ಕೈಯಲ್ಲಿ ಹಿಡ್ಕೊಂಡ.

"ಎಲ್ಲಿ ತನಕ ಓಡ್ತೀರಾ ಅಣ್ಣ?"

ಇನ್ನೂ 16 ಕಿಲೋಮೀಟರ್ ಇದೆ ಅಂದೆ.

"ಅಷ್ಟೇನಾ?" ಅಂದ. ಅವನು ಗೇಲಿ ಮಾಡಿದ್ದಲ್ಲ, ನಿಜವಾಗಲೂ ಕೇಳಿದ್ದು.

ಆಮೇಲೆ ಆ ಏರಿನುದ್ದಕ್ಕೂ ಅವನು ಮಾತಾಡ್ತಾ ಓಡಿದ, ನಾನು ಹೂಂಗುಟ್ತಾ ಏದುಸಿರು ಬಿಟ್ಟೆ. ಪೊಲೀಸ್ ಕಾನ್‌ಸ್ಟೆಬಲ್ ಕೆಲಸಕ್ಕೆ ತಯಾರಿ ಮಾಡ್ತಿದ್ದನಂತೆ, ಅದರ 1600 ಮೀಟರ್ ಓಟಕ್ಕೆ ದಿನಾ ಬೆಳಗ್ಗೆ ಇದೇ ಏರು ಹತ್ತುತ್ತಾನಂತೆ. ಮುಂದಿನ ತಿರುವಲ್ಲಿ ಹುಷಾರು, ಕಲ್ಲು ಜಾರುತ್ತೆ ಅಂತ ಎಚ್ಚರಿಕೆ ಹೇಳಿದ. ಹೆಚ್ಚು ಕಡಿಮೆ ನಾಲ್ಕು ಕಿಲೋಮೀಟರ್ ಜೊತೆಗಿದ್ದ. ಆ ಕ್ಯಾನಿನ ಮುಚ್ಚಳ ಟಣ್ ಟಣ್ ಅನ್ನೋ ತಾಳಕ್ಕೇ ನಾನು ಹೆಜ್ಜೆ ಹಾಕಿದ್ದು.

ಏಡ್ ಸ್ಟೇಷನ್ ಬಂತು. ಶಾಮಿಯಾನ, ಮೇಜಿನ ಮೇಲೆ ಕಲ್ಲಂಗಡಿ, ಕಿತ್ತಳೆ, ಉಪ್ಪು ಹಾಕಿದ ಆಲೂಗಡ್ಡೆ, ನೀರಿನ ಡ್ರಮ್ಮು. ಹುಡುಗ ನನ್ನ ಹಿಂದೆ ಬಂದು ಒಂದು ಲೋಟ ನೀರಿಗೆ ಕೈ ಚಾಚಿದ. ನಮ್ಮ ಹಾಗೇ ಬೆಂಗಳೂರಿಂದ ಬಂದಿದ್ದ ವಾಲಂಟಿಯರ್ ಒಬ್ಬ ಅವನ ಎದೆ ನೋಡಿದ. ಬಿಬ್ ಇಲ್ಲ. "ಓನ್ಲಿ ರನ್ನರ್ಸ್, ಓನ್ಲಿ ರನ್ನರ್ಸ್" ಅಂದು ಕೈ ಅಡ್ಡ ಹಿಡಿದ.

ಹುಡುಗನಿಗೆ ಸಿಟ್ಟೇನೂ ಬರಲಿಲ್ಲ, ಅದೇ ನನ್ನನ್ನ ಈಗಲೂ ಕೊರೆಯೋದು. ಇಂಥದ್ದು ರೂಢಿಯಾದವರ ಥರ ಒಂದು ಹೆಜ್ಜೆ ಹಿಂದೆ ಸರಿದು, ಚಪ್ಪಲಿ ಕೆಳಗೆ ಹಾಕಿ ಮೆಟ್ಟಿಕೊಂಡ. "ಆಯ್ತಣ್ಣ, ಆರಾಮಾಗಿ ಹೋಗಿ" ಅಂದ.

ನಾನೇನು ಮಾಡಿದೆ? ಎರಡು ಹೋಳು ಕಲ್ಲಂಗಡಿ ತಿಂದೆ, ಬಾಟಲಿ ತುಂಬಿಸಿಕೊಂಡೆ, ಹೊರಟೆ. ಕಟ್ ಆಫ್ ಟೈಮಿನ ಚಿಂತೆ ಇತ್ತು ಅಂತ ನನಗೆ ನಾನೇ ಹೇಳಿಕೊಂಡೆ. ಒಂದು ಲೋಟ ನೀರು ಎತ್ತಿ ಅವನ ಕೈಗೆ ಕೊಡೋಕೆ ಐದು ಸೆಕೆಂಡು ಬೇಕಿತ್ತು. ಹೆಸರು ಕೇಳಿದ್ದೆ, ಅವನು ಹೇಳಿದ್ದ ಕೂಡ. ನನ್ನ ಉಸಿರಿನ ಸದ್ದಲ್ಲಿ ಸರಿಯಾಗಿ ಕೇಳಿಸಲಿಲ್ಲ, ಮತ್ತೆ ಕೇಳಲೂ ಇಲ್ಲ.

ಅವ್ವನ ಪ್ರಶ್ನೆ ನನ್ನ ಮಟ್ಟಿಗೆ ದೊಡ್ಡದಲ್ಲ. ನನ್ನ ಹತ್ತಿರ ದುಡ್ಡಿದೆ, ಕೊಡ್ತೀನಿ. ಆದರೆ ದುಡ್ಡು ಕೊಟ್ಟವನು ಮಾತ್ರ ಓಟಗಾರ ಅಂತ ಯಾವಾಗ ತೀರ್ಮಾನ ಆಯಿತು? ಅದೂ ಯಾರ ಊರಲ್ಲಿ, ಯಾರ ದಾರಿಯಲ್ಲಿ?

ನಾವು ಟ್ರೇಲ್ ಅಂತ ಕರೆಯೋ ಜಾಗವನ್ನ ಯಾವ ಆಯೋಜಕನೂ ಕಟ್ಟಿದ್ದಲ್ಲ. ಅದು ದನ ಹೊಡ್ಕೊಂಡು ಹೋಗೋ ದಾರಿ, ಸೌದೆ ತರೋ ದಾರಿ, ಮಕ್ಕಳು ಶಾಲೆಗೆ ಹೋಗೋ ಅಡ್ಡದಾರಿ. ತಲೆಮಾರುಗಟ್ಟಲೆ ಜನ ತುಳಿದು ತುಳಿದು ಮಾಡಿದ್ದು. ವರ್ಷಕ್ಕೊಂದು ಭಾನುವಾರ ನಾವು ಹೋಗಿ ಅದಕ್ಕೆ ರಿಬ್ಬನ್ ಕಟ್ಟಿ, ಇಂಗ್ಲಿಷಲ್ಲಿ ಬೋರ್ಡು ನೆಟ್ಟು, ಸೌದೆ ಹೊತ್ತು ಬಂದ ಅಜ್ಜಿಗೆ "ಸೈಡ್ ಸೈಡ್" ಅಂತೀವಿ. ಶಾಲೆ ಮಕ್ಕಳನ್ನ ಯೂನಿಫಾರ್ಮಲ್ಲಿ ನಿಲ್ಲಿಸಿ ಚಪ್ಪಾಳೆ ಹೊಡೆಸ್ತೀವಿ. ಆ ಫೋಟೋ ನಮ್ಮ ಸ್ಟೇಟಸ್ಸಿಗೆ. ಹಳ್ಳಿಯವರು ನಮ್ಮ ಓಟದಲ್ಲಿ ಸೀನರಿ.

ಈ ಮಾತನ್ನ ನಮ್ಮ ರನ್ನಿಂಗ್ ಗ್ರೂಪಿನಲ್ಲಿ ಎತ್ತಿದಾಗ ಬಂದ ಉತ್ತರಗಳು ಹೀಗಿದ್ವು.

"ಅವರಿಗೆಲ್ಲ ಇದರಲ್ಲಿ ಇಂಟರೆಸ್ಟ್ ಇರಲ್ಲ." ಸ್ವಾಮಿ, ನಾನು ಆ ಕಡೆಯಿಂದಲೇ ಬಂದವನು. ಹೈಸ್ಕೂಲಿಗೆ ಐದು ಕಿಲೋಮೀಟರ್, ಬಸ್ ತಪ್ಪಿದರೆ ಓಟವೇ ಗತಿ. ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ 3000 ಮೀಟರಿಗೆ ಇಪ್ಪತ್ತು ಹುಡುಗರು ಬರಿಗಾಲಲ್ಲಿ ನಿಲ್ತಿದ್ವಿ. ಫೀಸಿಲ್ಲ, ಫಾರ್ಮಿಲ್ಲ, ಪಿ.ಟಿ. ಮೇಷ್ಟ್ರು ಹೆಸರು ಬರೆದುಕೊಂಡರೆ ಮುಗೀತು. ಪ್ರತಿ ವರ್ಷ ನನ್ನನ್ನ ಒಂದು ಸುತ್ತು ಹಿಂದೆ ಹಾಕ್ತಿದ್ದ ನನ್ನ ಕ್ಲಾಸ್‌ಮೇಟ್ ತಾಲೂಕು ದಾಟಿ ಜಿಲ್ಲೆವರೆಗೂ ಹೋಗಿದ್ದ. ಎಸ್ಸೆಸ್ಸೆಲ್ಸಿ ಮುಗೀತು, ಅವನ ಓಟವೂ ಮುಗೀತು. ಈಗ ಗಾರೆ ಕೆಲಸ ಮಾಡ್ತಾನೆ. ನಾನು ಬಿ.ಇ. ಮುಗಿಸಿ, ಹೊಟ್ಟೆ ಬೆಳೆಸಿ, ಮೂವತ್ತು ದಾಟಿದ ಮೇಲೆ ದುಡ್ಡು ಕೊಟ್ಟು ಮತ್ತೆ ಓಡೋಕೆ ಶುರು ಮಾಡಿದೆ. ನಮ್ಮಿಬ್ಬರಲ್ಲಿ ಓಟಗಾರ ಯಾರು? ಇವತ್ತಿಗೂ ಯಾವುದಾದರೂ ತಾಲೂಕು ರಸ್ತೆಯಲ್ಲಿ ಬೆಳಗ್ಗೆ ಐದೂವರೆಗೆ ಹೋಗಿ ನೋಡಿ. ಪೊಲೀಸ್, ಮಿಲಿಟರಿ ಸೆಲೆಕ್ಷನ್ನಿಗೆ ಅಂತ ಓಡ್ತಿರೋ ಹುಡುಗ ಹುಡುಗಿಯರು ಸಿಗ್ತಾರೆ.

"ರೇಸ್ ನಡೆಸೋಕೆ ಖರ್ಚಿದೆ ಗುರೂ. ಆಂಬ್ಯುಲೆನ್ಸು, ಪರ್ಮಿಷನ್ನು, ಟೈಮಿಂಗ್ ಚಿಪ್ಪು, ಊಟ." ಒಪ್ಪಿದೆ, ಖರ್ಚಿದೆ. ಲೆಕ್ಕ ಹಾಕೋಣ. 500 ಜನ ಓಡೋ ರೇಸಲ್ಲಿ ಒಬ್ಬೊಬ್ಬರು 200 ರೂಪಾಯಿ ಹೆಚ್ಚು ಕೊಟ್ಟರೆ 1 ಲಕ್ಷ ಆಗುತ್ತೆ. 50 ಜನ ಸ್ಥಳೀಯರಿಗೆ ತಲೆಗೆ 2,000. 200 ರೂಪಾಯಿ ಅಂದರೆ ರೇಸ್ ಹಿಂದಿನ ದಿನ ನಾವು ಕುಡಿಯೋ ಒಂದು ಕಾಫಿ.

"ಟ್ರೇನಿಂಗ್ ಇಲ್ಲದವರು ಬಿದ್ದುಗಿದ್ದರೆ ಯಾರು ಹೊಣೆ?" ನಾವು ಬಿದ್ದರೆ ಯಾರು ಹೊಣೆಯೋ ಅವರೇ. ನಾವು ಸಹಿ ಹಾಕೋ ಫಾರ್ಮಿಗೆ ಅವರೂ ಸಹಿ ಹಾಕಲಿ, ನಮಗೆ ಕೇಳೋ ವಯಸ್ಸು, ಡಾಕ್ಟರ್ ಸರ್ಟಿಫಿಕೇಟು ಅವರಿಗೂ ಕೇಳಲಿ. 50 ಜಾಸ್ತಿ ಆಯಿತು ಅಂದರೆ 10, 12 ಕಿಲೋಮೀಟರಿಂದ ಶುರು ಮಾಡಿ. ದಿನಾ ಎಂಟು ಗಂಟೆ ಕುರ್ಚಿಯಲ್ಲಿ ಕೂರೋ ನಮ್ಮ ಹೃದಯದ ಮೇಲಿರೋ ನಂಬಿಕೆ, ದಿನಾ ಬೆಟ್ಟ ಹತ್ತೋನ ಹೃದಯದ ಮೇಲೆ ಯಾಕಿಲ್ಲ?

"ನಾವು ಅಲ್ಲಿನ ಶಾಲೆಗೆ ನೋಟ್‌ಬುಕ್ ಕೊಟ್ಟಿದ್ದೀವಲ್ಲ?" ಕೊಟ್ಟಿದ್ದೀರಿ, ಒಳ್ಳೇದು. ಆದರೆ ದಾನ ಬೇರೆ, ಪಾಲು ಬೇರೆ. ನೋಟ್‌ಬುಕ್ ಕೊಡೋವಾಗ ನಾವು ಮೇಲೆ ನಿಂತಿರ್ತೀವಿ. ಸ್ಟಾರ್ಟ್ ಲೈನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಲ್ಲಬೇಕಾಗುತ್ತೆ.

ಇನ್ನೊಂದು ಕಾರಣ ಇದೆ, ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಅವರು ಬಂದರೆ ನಮ್ಮ ಏಜ್ ಗ್ರೂಪ್ ಪೋಡಿಯಂ ಹೋಗುತ್ತೆ! ಹೋಗಲಿ ಬಿಡಿ.

ನಮ್ಮ ಗ್ರೂಪಲ್ಲಿ ಕಾಮ್ರೇಡ್ಸ್ ಹೆಸರು ಹೇಳಿದರೆ ಎಲ್ಲರೂ ಎದ್ದು ಕೂರ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಡುವೆ ಸುಮಾರು 90 ಕಿಲೋಮೀಟರ್ ಓಟ, 1921ರಲ್ಲಿ ಶುರುವಾಗಿದ್ದು. ಬೆಂಗಳೂರಿಂದಲೂ ಓಟಗಾರರು ಅಲ್ಲಿಗೆ ಹೋಗಿ ಬರ್ತಾರೆ. ಅದೇ ಓಟದಲ್ಲಿ 1935ರಲ್ಲಿ ರಾಬರ್ಟ್ ಮ್ಚಾಲಿ ಅನ್ನೋ ಕಪ್ಪು ಜನಾಂಗದ ಓಟಗಾರ ಒಂಬತ್ತೂವರೆ ಗಂಟೆಯಲ್ಲಿ ಪೂರ್ತಿ ದೂರ ಓಡಿ ಮುಗಿಸಿದ. ಆದರೆ ಅವನ ಓಟ ಅಧಿಕೃತ ಲೆಕ್ಕಕ್ಕೆ ಬರಲಿಲ್ಲ, ಯಾಕಂದ್ರೆ ಅವನಂಥವರಿಗೆ ಪ್ರವೇಶವೇ ಇರಲಿಲ್ಲ. ಕಪ್ಪು ಜನರಿಗೂ ಹೆಂಗಸರಿಗೂ ಅಧಿಕೃತವಾಗಿ ಬಾಗಿಲು ತೆರೆದದ್ದು 1975ರಲ್ಲಿ. 2019ರಿಂದ ಅಲ್ಲಿ ಅವನ ಹೆಸರಿನದೇ ಒಂದು ಮೆಡಲ್ ಕೊಡ್ತಾರೆ.

ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕ್ತಿಲ್ಲ. ಅಲ್ಲಿ ಬಣ್ಣ ನೋಡಿ ನಿಯಮ ಮಾಡಿದ್ದರು, ಇಲ್ಲಿ ಯಾರೂ ಬರಬೇಡಿ ಅಂತ ಬರೆದಿಲ್ಲ. ಆದರೆ ಇಂಗ್ಲಿಷಲ್ಲಿ ಮಾತ್ರ ಇರೋ ಆನ್‌ಲೈನ್ ಫಾರ್ಮು, ಹಾಲು ಹಾಕೋ ಹುಡುಗನಿಗೆ ತಿಂಗಳ ಖರ್ಚಾಗೋ ಫೀಸು, ಬೆಂಗಳೂರಲ್ಲೇ ಬಂದು ಬಿಬ್ ತಗೊಳ್ಳಿ ಅನ್ನೋ ಷರತ್ತು, ಇವು ಮೂರನ್ನ ಸೇರಿಸಿದರೆ ಬರಬೇಡಿ ಅಂತ ಬೇರೆ ಬರೆಯೋ ಅಗತ್ಯ ಏನಿದೆ?

ಇದರಿಂದ ನಷ್ಟ ಆ ಹುಡುಗನಿಗೆ ಮಾತ್ರ ಅಲ್ಲ. ಬಿಹಾರದ ಹಳ್ಳಿಯಿಂದ ಬಂದು ಸೈನ್ಯ ಸೇರಿದ ಶಿವನಾಥ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಹನ್ನೊಂದನೆಯವರಾಗಿ ಬಂದರು. 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷದಲ್ಲಿ ಮ್ಯಾರಥಾನ್ ಮುಗಿಸಿದರು. ಆ ರಾಷ್ಟ್ರೀಯ ದಾಖಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅಲುಗಾಡಲಿಲ್ಲ. ಆ ನಾಲ್ಕು ದಶಕದಲ್ಲಿ ನಮ್ಮಂಥವರು ಸಾವಿರಗಟ್ಟಲೆ ಜನ ಓಡೋಕೆ ಬಂದ್ವಿ, ಶೂಗೆ ಕಾರ್ಬನ್ ಪ್ಲೇಟ್ ಬಂತು, ಕೈಗೆ ಜಿಪಿಎಸ್ ಬಂತು. ಊರೂರಲ್ಲಿ ರೇಸ್ ಹುಟ್ಟಿದರೂ ಆ ಊರಿನ ಹುಡುಗರು ರಿಬ್ಬನ್ನಿನ ಆಚೆ ಕಡೆಯೇ ನಿಂತಿದ್ದಾರೆ.

ನಾನು ಕೇಳ್ತಿರೋದು ಕ್ರಾಂತಿ ಅಲ್ಲ, ನಾಲ್ಕೇ ನಾಲ್ಕು ಬದಲಾವಣೆ. ಹಳ್ಳಿಯಲ್ಲಿ ನಡೆಯೋ ಯಾವುದೇ ರೇಸಿನ ಪ್ರತಿ 100 ಬಿಬ್‌ಗೆ 10 ಬಿಬ್ ಆ ತಾಲೂಕಿನವರಿಗೆ ಉಚಿತ. ಫಾರ್ಮು ಕನ್ನಡದಲ್ಲಿ, ಕಾಗದದ ಮೇಲೆ, ಒಂದು ತಿಂಗಳು ಮುಂಚೆ ಪಂಚಾಯಿತಿ ಆಫೀಸಿನಲ್ಲೂ ಹೈಸ್ಕೂಲಿನಲ್ಲೂ ಸಿಗಬೇಕು. ಸ್ಥಳೀಯರಲ್ಲಿ ಗೆದ್ದವರಿಗೆ ಟ್ರೋಫಿ ಜೊತೆ ನಗದು ಬಹುಮಾನ. ದಾರಿ ಸವರಿದವರಿಗೆ, ಅಡುಗೆ ಮಾಡಿದವರಿಗೆ, ರೇಸ್ ಮುಗಿದ ಮೇಲೆ ನಮ್ಮ ಜೆಲ್ ಕವರು ಆಯ್ದವರಿಗೆ ಕೂಲಿ. ಸರ್ಟಿಫಿಕೇಟ್ ಅಲ್ಲ, ಕೂಲಿ. ಇನ್ನು ನೀರಿನ ವಿಷಯ ನಿಯಮ ಆಗೋದೇ ಬೇಡ. ಬಾಯಾರಿ ಬಂದವರಿಗೆ ನೀರು ಕೊಡೋದನ್ನ ನಮಗೆ ಅವ್ವಂದಿರು ಕಲಿಸಿದ್ದಾರೆ.

ಆ ಆಯೋಜಕರಿಗೆ ಇದನ್ನೆಲ್ಲ ಮೇಲ್ ಮಾಡಿದೆ. ಮೂರು ವಾರದ ಮೇಲೆ ಉತ್ತರ ಬಂತು, "ನಿಮ್ಮ ಸಲಹೆಗೆ ಧನ್ಯವಾದ, ಮುಂದಿನ ವರ್ಷ ಪರಿಶೀಲಿಸುತ್ತೇವೆ" ಅಂತ. ಈ ಭಾಷೆ ನಮಗೆ ಗೊತ್ತಿಲ್ವಾ? ನಾವೂ ದಿನಾ ಇದೇ ಉತ್ತರ ಕೊಡ್ತೀವಿ. ಒಬ್ಬ ಕಸ್ಟಮರ್ ಟಿಕೆಟ್ ಹಾಕಿದರೆ ಲೋ ಪ್ರಯಾರಿಟಿ. ಅದೇ ವಿಷಯಕ್ಕೆ ನೂರು ಟಿಕೆಟ್ ಬಂದರೆ ರಾತ್ರಿ ಎರಡಕ್ಕೆ ಎದ್ದು ಕೂತು ಸರಿ ಮಾಡ್ತೀವಿ.

ಮುಂದಿನ ಸೀಸನ್ನಿನ ರಿಜಿಸ್ಟ್ರೇಷನ್ ಶುರುವಾಗುತ್ತೆ. ಕಾರ್ಡ್ ನಂಬರ್ ಹಾಕೋಕೆ ಮುಂಚೆ ಒಂದು ಮೇಲ್ ಹಾಕಿ, ಒಂದೇ ಪ್ರಶ್ನೆ ಕೇಳಿ: ಈ ಊರಿನವರಿಗೆ ಎಷ್ಟು ಬಿಬ್ ಇಟ್ಟಿದ್ದೀರಿ? ಉತ್ತರ ಬಂದ ಮೇಲೆ ದುಡ್ಡು ಕಟ್ಟಿ. ನನ್ನ ಟಿಕೆಟ್ ನಾನು ಹಾಕಿದ್ದೀನಿ. ಡೂಪ್ಲಿಕೇಟ್ ಆದರೂ ಪರವಾಗಿಲ್ಲ, ನೀವೂ ಒಂದು ಹಾಕಿ.